ಪಾರ್ಕಿಗೆ ರೂಮು ಬಂದ ಮೇಲೆ

ಡಿಸೆಂಬರ್ ಬಂತೆಂದರೆ ಶಿವಮೊಗ್ಗ ಜಿಲ್ಲೆಯ ಶಾಲೆಗಳಿಂದ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಬೆಂಗಳೂರು, ಮೈಸೂರು ನೋಡುವುದರ ಜೊತೆಗೆ ಒಂದು ಅಮ್ಯೂಸ್‌ಮೆಂಟ್ ಪಾರ್ಕ್ ಇರಲೇಬೇಕು, ಇಲ್ಲದಿದ್ದರೆ ಮಕ್ಕಳು ಹೆಸರೇ ಕೊಡುವುದಿಲ್ಲ. ರಾತ್ರಿ ಊಟ ಮುಗಿಸಿ ಬಸ್ ಹತ್ತುತ್ತಾರೆ. ಬೆಳಗ್ಗೆ ಎಲ್ಲೋ ಒಂದು ಛತ್ರದಲ್ಲಿ ಮುಖ ತೊಳೆದು, ತಿಂಡಿ ತಿಂದು, ಗೇಟು ತೆಗೆಯುವ ಹೊತ್ತಿಗೆ ಸಾಲಿನಲ್ಲಿ ನಿಂತಿರುತ್ತಾರೆ. ಸಂಜೆ ಒದ್ದೆ ಬಟ್ಟೆ ತುಂಬಿದ ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಮತ್ತೆ ಬಸ್ಸು, ಅರಸೀಕೆರೆ ದಾಟುವ ಮೊದಲೇ ಎಲ್ಲರಿಗೂ ನಿದ್ದೆ. ಪಾರ್ಕಿನವರ ಲೆಕ್ಕದ ಪುಸ್ತಕದಲ್ಲಿ ಆ ಒಂದೊಂದು ಮಗುವೂ ಒಂದು ಟಿಕೆಟ್, ಒಂದು ಮಧ್ಯಾಹ್ನದ ಊಟ, ಬಹಳ ಆದರೆ ಒಂದು ಐಸ್‌ಕ್ರೀಮು. ಅದರಲ್ಲೂ ಗುಂಪಿನ ರಿಯಾಯಿತಿ ಬೇರೆ.

ಇಂಥ ಗಿರಾಕಿಗಳನ್ನೇ ನಂಬಿ ಬೆಳೆದ ಪಾರ್ಕುಗಳು ವಯಸ್ಸಾದ ಮೇಲೆ ಒಂದೊಂದಾಗಿ ರೆಸಾರ್ಟ್ ಆಗುತ್ತಿವೆ. ಅಮೆರಿಕದಲ್ಲಿ ಆಗಿದೆ, ಯುರೋಪಿನಲ್ಲಿ ಆಗಿದೆ, ನಮ್ಮ ದೇಶದಲ್ಲೂ ಆಗುತ್ತಿದೆ. ಸುದ್ದಿಯಲ್ಲಿ ಇದು ಅಭಿವೃದ್ಧಿ, ಮೇಲ್ದರ್ಜೆ ಎಂದು ಬರುತ್ತದೆ. ಒಳಗೆ ನಡೆಯುವುದು ಸ್ವಲ್ಪ ಬೇರೆ. ರೂಮು ಬಂದ ದಿನದಿಂದ ಪಾರ್ಕಿನ ಮುಖ್ಯ ಗಿರಾಕಿ ಯಾರು ಅನ್ನುವುದೇ ಬದಲಾಗುತ್ತದೆ. ಗೇಟಿನ ಸಮಯ, ಸಾಲು, ಊಟದ ಬೆಲೆ, ಯಾವ ರೈಡ್ ಇರಬೇಕು ಯಾವುದು ಹೋಗಬೇಕು, ಎಲ್ಲವೂ ರಾತ್ರಿ ಉಳಿಯುವವರ ಅನುಕೂಲಕ್ಕೆ ತಿರುಗುತ್ತವೆ. ಬೆಳಗ್ಗೆ ಬಂದು ಸಂಜೆ ಹೋಗುವವರನ್ನು ಯಾರೂ ಬೇಡ ಎನ್ನುವುದಿಲ್ಲ, ಆದರೆ ಅವರ ಸರದಿ ಹಿಂದಕ್ಕೆ ಹೋಗುತ್ತಾ ಹೋಗುತ್ತದೆ. ಜೋಗದಲ್ಲಿ ಹೋಟೆಲ್ಲು, ರೋಪ್‌ವೇ ಎಂಬ ಮಾತು ನಡೆಯುತ್ತಿರುವ ಈ ಹೊತ್ತಿನಲ್ಲಿ ಮಲೆನಾಡಿನವರು ಈ ಕಥೆಯನ್ನು ಸ್ವಲ್ಪ ಗಮನವಿಟ್ಟು ನೋಡಬೇಕು ಅನ್ನಿಸುತ್ತದೆ.

ಮೊದಲು ದುಡ್ಡಿನ ವಿಷಯ. ಅದು ಗೊತ್ತಾಗದಿದ್ದರೆ ಉಳಿದದ್ದೆಲ್ಲ ಸುಮ್ನೆ ಗೊಣಗಾಟದ ಹಾಗೆ ಕೇಳುತ್ತದೆ. ಪಾರ್ಕ್ ನಡೆಸುವುದು ವಿಚಿತ್ರ ವ್ಯಾಪಾರ. ಐನೂರು ಜನ ಬಂದರೂ ಐದು ಸಾವಿರ ಜನ ಬಂದರೂ ಬೆಳಗ್ಗೆ ರೈಡಿನ ಒಂದೊಂದು ಬೋಲ್ಟನ್ನೂ ಪರೀಕ್ಷೆ ಮಾಡಲೇಬೇಕು, ಕೊಳದ ನೀರು ಶುದ್ಧ ಮಾಡಲೇಬೇಕು, ಲೈಫ್‌ಗಾರ್ಡ್ ನಿಲ್ಲಲೇಬೇಕು, ಕರೆಂಟ್ ಬಿಲ್ ಕಟ್ಟಲೇಬೇಕು. ಮಳೆ ಹಿಡಿದರೆ ಜನ ಬರುವುದಿಲ್ಲ. ಪರೀಕ್ಷೆ ಶುರುವಾದರೆ ಬರುವುದಿಲ್ಲ. ಸೋಮವಾರದಿಂದ ಗುರುವಾರದವರೆಗೆ ಅರ್ಧ ಖಾಲಿ. ಖರ್ಚು ಮಾತ್ರ ದಿನಾ ಬಂದು ಬಾಗಿಲು ತಟ್ಟುತ್ತದೆ. ಜನ ಕಡಿಮೆಯಾದರು ಅಂತ ಹೊಸ ರೈಡ್ ತಂದರೆ ಅದಕ್ಕೆ ಕೋಟಿಗಟ್ಟಲೆ ಬೇಕು. ಅದನ್ನು ನೋಡಲು ಒಂದೆರಡು ವರ್ಷ ಜನ ನುಗ್ಗುತ್ತಾರೆ, ಆಮೇಲೆ ಅದೂ ಹಳೆಯದಾಗುತ್ತದೆ, ಮತ್ತೆ ಇನ್ನೊಂದು ಬೇಕು. ಟಿಕೆಟ್ ದರವನ್ನು ಮನಸ್ಸಿಗೆ ಬಂದಷ್ಟು ಏರಿಸುವ ಹಾಗೂ ಇಲ್ಲ. ಆರೇಳು ಗಂಟೆಯ ಆಟಕ್ಕೆ ಮನೆಮಂದಿಯೆಲ್ಲ ಎಷ್ಟು ಕೊಡಬಲ್ಲರು ಎಂಬುದಕ್ಕೆ ಒಂದು ಮಿತಿ ಇದ್ದೇ ಇದೆ.

ರೂಮಿನ ಲೆಕ್ಕ ಹಾಗಲ್ಲ. ರೂಮು ಹಿಡಿದ ಸಂಸಾರ ರಾತ್ರಿ ಊಟ ಅಲ್ಲೇ ಮಾಡುತ್ತದೆ, ಬೆಳಗಿನ ತಿಂಡಿ ಅಲ್ಲೇ ತಿನ್ನುತ್ತದೆ, ಎರಡನೇ ದಿನದ ಟಿಕೆಟ್ಟೂ ಕೊಳ್ಳುತ್ತದೆ. ಒಂದು ಸಭಾಂಗಣ ಕಟ್ಟಿದರೆ ಮದುವೆ, ಕಂಪನಿ ಮೀಟಿಂಗು ಬಂದು ವಾರದ ಮಧ್ಯದ ಖಾಲಿ ದಿನಗಳೂ ತುಂಬುತ್ತವೆ. ತೆರಿಗೆಯೂ ಅದೇ ಕಡೆಗೆ ವಾಲುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಪಾರ್ಕಿನ ಟಿಕೆಟ್ ಮೇಲೆ ಶೇ 28 ಹಾಕಿದ್ದರು. 2018ರ ಜನವರಿಯಲ್ಲಿ ಅದು ಶೇ 18ಕ್ಕೆ ಇಳಿಯಿತು. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ರೂಮಿಗೆ 2025ರ ಸೆಪ್ಟೆಂಬರ್‌ನಿಂದ ಶೇ 5 ಮಾತ್ರ. ಹೋಟೆಲಿನವರು ತಾವು ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳುವ ಹಾಗಿಲ್ಲ, ಆ ಷರತ್ತು ಇದೆ. ಆದರೂ ಒಂದು ಹಗಲು ಆಡಲು ಬಂದ ಹುಡುಗನ ಟಿಕೆಟ್ ಮೇಲಿನ ದರಕ್ಕಿಂತ ರಾತ್ರಿ ಮಲಗಲು ಬಂದವರ ರೂಮಿನ ದರ ಕಡಿಮೆ ಅಂದರೆ, ಮಾಲೀಕರ ಮನಸ್ಸು ಯಾವ ಕಡೆ ಓಡುತ್ತದೆ ಎಂದು ಹೇಳಬೇಕಾಗಿಲ್ಲ ಅಲ್ವಾ?

ಹಾಗಂತ ರೂಮು ಕಟ್ಟಿದವರೆಲ್ಲ ಉದ್ಧಾರ ಆಗಲಿಲ್ಲ. ಮುಂಬೈ ಪುಣೆ ನಡುವೆ ಖೋಪೋಲಿ ಹತ್ತಿರ 2013ರಲ್ಲಿ ಇಮ್ಯಾಜಿಕಾ ಶುರುವಾಯಿತು. ಮರುವರ್ಷ ವಾಟರ್ ಪಾರ್ಕ್, ಅದರ ಮರುವರ್ಷ ನೊವೊಟೆಲ್ ಹೋಟೆಲ್. ಜನ ಅಭ್ಯಾಸ ಮಾಡಿಕೊಳ್ಳುವ ಮೊದಲೇ ಎಲ್ಲವನ್ನೂ ಒಟ್ಟಿಗೆ ಕಟ್ಟಿದರು. ಸಾಲ ಏರಿ, ಕೊನೆಗೆ 2022ರಲ್ಲಿ ಸಾಲ ತೀರುವಳಿಯ ಮೂಲಕ ಮಾಲ್ಪಾನಿ ಗುಂಪಿನ ಕೈ ಸೇರಿತು. ವಂಡರ್‌ಲಾದವರು ನಿಧಾನ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಹೆಸರಿನಲ್ಲಿ ಶುರು ಮಾಡಿ, 2005ರಲ್ಲಿ ಬಿಡದಿ ಹತ್ತಿರ ಬೆಂಗಳೂರಿನ ಪಾರ್ಕ್ ತೆರೆದರು. ರೆಸಾರ್ಟ್ ಬಂದದ್ದು 2012ರಲ್ಲಿ, ಅದೂ 84 ರೂಮಿನದು. ಏಳು ವರ್ಷ ಹಗಲಿನ ಗಿರಾಕಿಯನ್ನು ಚೆನ್ನಾಗಿ ನೋಡಿಕೊಂಡ ಮೇಲೆ ರಾತ್ರಿಯ ಗಿರಾಕಿಗೆ ಕೈ ಹಾಕಿದರು. ಇನ್ನು ಮುಂಬೈನ ಗೋರಾಯಿಯಲ್ಲಿ 1989ರಲ್ಲಿ ಶುರುವಾದ ಎಸ್ಸೆಲ್ ವರ್ಲ್ಡ್. ದೂರದರ್ಶನದ ಕಾಲದ ಮಕ್ಕಳಿಗೆಲ್ಲ ಅದರ ಜಾಹೀರಾತು ಬಾಯಿಪಾಠ, ನೋಡದೇ ಇದ್ದವರಿಗೂ. ಅದು ಹಗಲಿನ ಪಾರ್ಕಾಗಿಯೇ ಮುದಿಯಾಗಿ 2022ರಲ್ಲಿ ಬಾಗಿಲು ಹಾಕಿತು. ರೂಮು ಕಟ್ಟದಿದ್ದರೂ ಕಷ್ಟ, ಅವಸರದಲ್ಲಿ ಕಟ್ಟಿದರೂ ಕಷ್ಟ.

ಈ ಬದಲಾವಣೆಯನ್ನು ಪೂರ್ತಿಯಾಗಿ ನೋಡಬೇಕೆಂದರೆ ಕ್ಯಾಲಿಫೋರ್ನಿಯಾದ ಅನಾಹೈಮ್‌ಗೆ ಹೋಗಬೇಕು. ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ತೆರೆದಾಗ ಅದು 160 ಎಕರೆ ಜಾಗದಲ್ಲಿ ಕೂತಿದ್ದ ಹಗಲಿನ ಪಾರ್ಕ್. ಹಿಂದೆ ಅದು ಕಿತ್ತಳೆ ತೋಟ. ಒಳಗೆ ಹೋಗಲು ದೊಡ್ಡವರಿಗೆ ಒಂದು ಡಾಲರ್, ಆಮೇಲೆ ಒಂದೊಂದು ಆಟಕ್ಕೂ ಬೇರೆ ಬೇರೆ ಚೀಟಿ. ನಮ್ಮ ಜಾತ್ರೆಯ ತೊಟ್ಟಿಲಿನ ಲೆಕ್ಕವೇ. ಚೀಟಿ ಪುಸ್ತಕ ಹೋಗಿ ಒಂದೇ ಟಿಕೆಟ್ ಆಗಿದ್ದು 1982ರಲ್ಲಿ. ಪಾರ್ಕ್ ಕಟ್ಟುವುದರಲ್ಲೇ ವಾಲ್ಟ್ ಡಿಸ್ನಿಯ ದುಡ್ಡು ಮುಗಿದಿತ್ತು, ಹಾಗಾಗಿ ಹೋಟೆಲ್ ಕಟ್ಟುವ ಹಕ್ಕನ್ನು ಜ್ಯಾಕ್ ರ‍್ಯಾದರ್ ಎಂಬ ಟೀವಿ ನಿರ್ಮಾಪಕರಿಗೆ ಬಿಟ್ಟುಕೊಟ್ಟರು. 1955ರಲ್ಲೇ ಡಿಸ್ನಿಲ್ಯಾಂಡ್ ಹೋಟೆಲ್ ಶುರುವಾಯಿತು. ಹೆಸರು ಡಿಸ್ನಿಯದು, ಲಾಭ ಇನ್ನೊಬ್ಬರದು. ಪಾರ್ಕಿನ ಸುತ್ತ ಮೋಟೆಲ್‌ಗಳು, ಹೋಟೆಲ್‌ಗಳು, ಅಂಗಡಿಗಳು ಎದ್ದವು, ಜನ ತಂದವರು ಒಬ್ಬರು, ಅವರ ಜೇಬಿನ ದೊಡ್ಡ ಪಾಲು ಹೋಗಿದ್ದು ಇನ್ನೊಬ್ಬರಿಗೆ. ಆ ಹೋಟೆಲ್ ಡಿಸ್ನಿ ಕಂಪನಿಯ ಕೈಗೆ ಬರಲು 1988ರವರೆಗೆ ಕಾಯಬೇಕಾಯಿತು.

ಆ ಕಹಿ ವಾಲ್ಟ್ ಡಿಸ್ನಿ ಮರೆಯಲಿಲ್ಲ. ಫ್ಲೋರಿಡಾದಲ್ಲಿ ಎರಡನೇ ಪಾರ್ಕಿಗೆ ಜಾಗ ನೋಡುವಾಗ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ ಜಮೀನು ಕೊಂಡು ಸುಮಾರು 27,000 ಎಕರೆ ಒಟ್ಟು ಮಾಡಿದರು. 1971ರಲ್ಲಿ ಅದು ತೆರೆದ ದಿನವೇ ಪಾರ್ಕಿನ ಜೊತೆ ಅದೇ ಜಮೀನಿನಲ್ಲಿ ಹೋಟೆಲ್‌ಗಳಿದ್ದವು. ಒಂದು ಹೋಟೆಲಿನ ಹೊಟ್ಟೆಯೊಳಗಿಂದಲೇ ಮೋನೋರೈಲು ಹಾದುಹೋಗುತ್ತದೆ. ಅಲ್ಲಿ ರೂಮು ಆಮೇಲಿನ ಯೋಚನೆ ಆಗಿರಲೇ ಇಲ್ಲ.

ಹಳೆಯ ಅನಾಹೈಮ್ ಪಾರ್ಕಿಗೆ ಆ ಭಾಗ್ಯ ಇರಲಿಲ್ಲ, ಸುತ್ತ ಊರು ಬೆಳೆದುಬಿಟ್ಟಿತ್ತು. ಉಳಿದಿದ್ದು ಕಾರು ನಿಲ್ಲಿಸುವ ಬಯಲು. 2001ರಲ್ಲಿ ಆ ಪಾರ್ಕಿಂಗ್ ಬಯಲಿನ ಮೇಲೆಯೇ ಎರಡನೇ ಪಾರ್ಕ್ ಕಟ್ಟಿದರು, ಜೊತೆಗೆ ಊಟ ಮತ್ತು ಅಂಗಡಿಗಳ ಒಂದು ಬೀದಿ, ಗ್ರ್ಯಾಂಡ್ ಕ್ಯಾಲಿಫೋರ್ನಿಯನ್ ಎಂಬ ದುಬಾರಿ ಹೋಟೆಲ್. ಆ ಹೋಟೆಲಿನಿಂದ ಎರಡನೇ ಪಾರ್ಕಿಗೆ ನೇರ ಬಾಗಿಲು. ಹೊರಗಿನವರು ಸುತ್ತಿ ಬಂದು ಮುಖ್ಯ ಗೇಟಿನಲ್ಲಿ ನಿಲ್ಲಬೇಕು. ಅಲ್ಲಿಂದ ಇಡೀ ಜಾಗಕ್ಕೆ ಡಿಸ್ನಿಲ್ಯಾಂಡ್ ರೆಸಾರ್ಟ್ ಎಂದು ಹೆಸರು.

ಆದರೆ ಒಂದು ತಮಾಷೆ ನೋಡಿ. ಎರಡನೇ ಪಾರ್ಕಿಗೆ ಮೊದಮೊದಲು ಅಂದುಕೊಂಡಷ್ಟು ಜನ ಬರಲಿಲ್ಲ. ಊಟ ಚೆನ್ನಾಗಿತ್ತು, ಅಂಗಡಿ ಚೆನ್ನಾಗಿದ್ದವು, ರೈಡ್ ಕಡಿಮೆ. ದಕ್ಷಿಣ ಕ್ಯಾಲಿಫೋರ್ನಿಯಾದವರು ಡಿಸ್ನಿಲ್ಯಾಂಡಿಗೆ ಮನೆಯಂಗಳದ ಹಾಗೆ ಬಂದುಹೋಗುತ್ತಿದ್ದವರು, ವರ್ಷದ ಪಾಸ್ ಇಟ್ಟುಕೊಂಡವರು. ಅವರಿಗೆ ಮಲಗಲು ರೂಮು ಬೇಕಾಗಿಲ್ಲ, ಊಟ ಮನೆಯಲ್ಲೇ ಆಗುತ್ತದೆ, ಬೇಕಾದದ್ದು ಆಟ. ಕೊನೆಗೆ ಕಂಪನಿ 2007ರಲ್ಲಿ ನೂರು ಕೋಟಿ ಡಾಲರಿಗೂ ಮೀರಿದ ರಿಪೇರಿ ಘೋಷಿಸಿ, 2012ರಲ್ಲಿ ಕಾರ್ಸ್ ಲ್ಯಾಂಡ್ ಎಂಬ ಹೊಸ ರೈಡುಗಳ ಭಾಗ ತೆರೆದ ಮೇಲೆಯೇ ಆ ಪಾರ್ಕಿಗೆ ಜೀವ ಬಂದದ್ದು. ಹಗಲಿನ ಗಿರಾಕಿಗೆ ರುಚಿಸದ ಜಾಗ ರಾತ್ರಿಯ ಗಿರಾಕಿಗೂ ರುಚಿಸುವುದಿಲ್ಲ. ಹೋಟೆಲ್ ಕಟ್ಟಲು ಹೊರಟವರು ಮೊದಲು ಮರೆಯುವುದೇ ಇದನ್ನು.

ಇನ್ನು ಸಾಲಿನ ವಿಷಯ. ಗಂಟೆಗೆ ಸಾವಿರ ಜನರನ್ನು ಕೂರಿಸುವ ಒಂದು ರೈಡ್ ಇದೆ ಅಂದುಕೊಳ್ಳಿ. ಸಾಲಿನಲ್ಲಿ ನಿಮ್ಮ ಮುಂದೆ ಎಂಟುನೂರು ಜನ. ಎಲ್ಲರಿಗೂ ಒಂದೇ ಸಾಲಾದರೆ ನಿಮ್ಮ ಸರದಿ ಸುಮಾರು 48 ನಿಮಿಷಕ್ಕೆ ಬರುತ್ತದೆ. ಈಗ ಅದೇ ರೈಡಿನಲ್ಲಿ ಗಂಟೆಗೆ ಆರುನೂರು ಸೀಟನ್ನು ದುಡ್ಡು ಕೊಟ್ಟವರಿಗೆ, ರೂಮು ಹಿಡಿದವರಿಗೆ ಎತ್ತಿಟ್ಟರೆ ಮಾಮೂಲಿ ಸಾಲಿಗೆ ಉಳಿಯುವುದು ನಾನೂರು. ಅದೇ ಎಂಟುನೂರು ಜನ ಕರಗಲು ಎರಡು ಗಂಟೆ. ರೈಡ್ ಬದಲಾಗಿಲ್ಲ, ಜನ ಜಾಸ್ತಿ ಆಗಿಲ್ಲ, ಟಿಕೆಟ್ ದರವೂ ಏರಿಲ್ಲ, ಆದರೂ ನಿಮ್ಮ ಹಗಲಿನಲ್ಲಿ ಒಂದು ಗಂಟೆಗೂ ಹೆಚ್ಚು ಮಾಯ. ಡಿಸ್ನಿಯಲ್ಲಿ 1999ರಲ್ಲಿ ಬೇಗದ ಸಾಲು ಶುರುವಾದಾಗ ಅದು ಎಲ್ಲರಿಗೂ ಪುಕ್ಕಟೆ ಇತ್ತು. 2021ರಿಂದ ಅದಕ್ಕೆ ದುಡ್ಡು. ಹೋಟೆಲಿನಲ್ಲಿ ಉಳಿದವರನ್ನು ಗೇಟು ತೆಗೆಯುವ ಅರ್ಧ ಗಂಟೆ ಮೊದಲೇ ಒಳಗೆ ಬಿಡುವ ಪದ್ಧತಿಯೂ ಬಂತು. ಟಿಕೆಟ್ಟಿಗೂ ದಿನಕ್ಕೊಂದು ಬೆಲೆ. ರಜೆಯ ದಿನಗಳ ಒಂದು ದಿನದ ಟಿಕೆಟ್ 2024ರಲ್ಲಿ ಇನ್ನೂರು ಡಾಲರ್ ದಾಟಿತು. ಸ್ಥಳೀಯರ ಹಳೆಯ ವರ್ಷದ ಪಾಸನ್ನು 2021ರ ಜನವರಿಯಲ್ಲಿ ನಿಲ್ಲಿಸಿ, ಕೆಲವು ತಿಂಗಳ ನಂತರ ಮೊದಲೇ ದಿನ ಕಾಯ್ದಿರಿಸಬೇಕಾದ ಹೊಸ ಪಾಸು ತಂದರು. ಪಾಸ್ ಇಟ್ಟುಕೊಂಡವನು ಪದೇ ಪದೇ ಬಂದು ಜಾಗ ಹಿಡಿಯುತ್ತಾನೆ, ದೂರದಿಂದ ಒಮ್ಮೆ ಬಂದವನು ಜಾಸ್ತಿ ಖರ್ಚು ಮಾಡುತ್ತಾನೆ. ಕಂಪನಿಯ ಲೆಕ್ಕ ಅರ್ಥ ಆಗುವಂಥದ್ದೇ. ಅದು ಊರಿನವರಿಗೆ ಇಷ್ಟ ಆಗಬೇಕೆಂದೇನೂ ಇಲ್ಲ.

ನಮ್ಮ ಕಡೆಯವರಿಗೆ ಈ ಸಾಲಿನ ಜಗಳ ಹೊಸದೇನಲ್ಲ. ಶರಾವತಿ ಹಿನ್ನೀರಿನ ಲಾಂಚ್ ನೆನಪಿರಬಹುದು. ಹಬ್ಬ, ರಜೆ ಬಂತೆಂದರೆ ಸಿಗಂದೂರಿಗೆ ಹೊರಟ ಕಾರುಗಳ ಸಾಲು ಅಂಬಾರಗೋಡ್ಲು ದಡದಲ್ಲಿ ಮೈಲುದ್ದ ನಿಲ್ಲುತ್ತಿತ್ತು, ಅದರ ಮಧ್ಯೆ ತುಮರಿ ಕಡೆಯವರೂ ಸಿಕ್ಕಿಕೊಳ್ಳುತ್ತಿದ್ದರು. ಆಸ್ಪತ್ರೆಗೋ ಸಾಗರದ ಕಚೇರಿಗೋ ಹೋಗಬೇಕಾದವರು ದೇವಸ್ಥಾನಕ್ಕೆ ಬಂದವರ ಜೊತೆ ಒಂದೇ ದೋಣಿಗೆ ಕಾಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆಯಿತು, 2.44 ಕಿಲೋಮೀಟರ್ ಉದ್ದದ್ದು. ಹಿನ್ನೀರಿನ ಜನ ದಶಕಗಟ್ಟಲೆ ಕೇಳಿದ್ದು ಸಿಕ್ಕಿತು, ಅದು ಬಹಳ ದೊಡ್ಡ ವಿಷಯ. ಅದೇ ಸೇತುವೆ ಆ ದಡದ ಜಮೀನನ್ನು ರೆಸಾರ್ಟಿನವರ ಕಣ್ಣಿಗೂ ಹತ್ತಿರ ಮಾಡಿದೆ. ಲಿಂಗನಮಕ್ಕಿಯಲ್ಲಿ ಮನೆ ತೋಟ ಮುಳುಗಿ ಹೋದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಓಡಾಡುತ್ತಿರುವ ಜಾಗ ಅದು. ಭೂಮಿಯ ಬೆಲೆ ಏರಿದಾಗ ಪತ್ರ ಇದ್ದವನಿಗೂ ಇಲ್ಲದವನಿಗೂ ಆಗುವ ವ್ಯತ್ಯಾಸ ಸಣ್ಣದಲ್ಲ.

ರೂಮಿನಿಂದ ಬದಲಾಗುವ ಇನ್ನೊಂದು ಸಂಗತಿ ಕಾಲ. ಹಗಲಿನ ಪಾರ್ಕ್ ಕೆಟ್ಟ ಹವಾಮಾನದಲ್ಲಿ ಬಾಗಿಲು ಮುಚ್ಚಿ ರಿಪೇರಿ ಮಾಡಿಕೊಳ್ಳಬಹುದು. ಹೋಟೆಲ್ ಹಾಗೆ ಮುಚ್ಚುವುದಿಲ್ಲ, ಸಾಲದ ಕಂತು ವರ್ಷಪೂರ್ತಿ. ಜರ್ಮನಿಯ ಯೂರೋಪಾ ಪಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ರುಸ್ಟ್ ಎಂಬ ಸಣ್ಣ ಊರು, ಜನಸಂಖ್ಯೆ ನಾಲ್ಕೈದು ಸಾವಿರ. 1780ರಿಂದ ಗಾಡಿ ಮಾಡುತ್ತಾ, ಆಮೇಲೆ ಜಾತ್ರೆಯ ಆಟದ ಯಂತ್ರ ಮಾಡುತ್ತಾ ಬಂದ ಮ್ಯಾಕ್ ಮನೆತನ 1975ರಲ್ಲಿ ಅಲ್ಲಿ ಪಾರ್ಕ್ ತೆರೆಯಿತು. ಹಾಗೆ ನೋಡಿದರೆ ತಾವು ಮಾಡುವ ರೈಡುಗಳನ್ನು ಗಿರಾಕಿಗಳಿಗೆ ತೋರಿಸುವ ಅಂಗಳ ಅದು. ಮೊದಲ ಹೋಟೆಲ್ ಬಂದದ್ದು ಇಪ್ಪತ್ತು ವರ್ಷದ ನಂತರ, 1995ರಲ್ಲಿ. ಹೋಟೆಲ್‌ಗಳು ಹೆಚ್ಚಿದಂತೆ ಹಿಮ ಬೀಳುವ ಕಾಲದಲ್ಲೂ ರೂಮು ತುಂಬಬೇಕಾಯಿತು, 2001ರಿಂದ ಚಳಿಗಾಲದಲ್ಲೂ ಪಾರ್ಕ್ ತೆರೆಯಲು ಶುರು ಮಾಡಿದರು. 2019ರಲ್ಲಿ ಸೂರಿನ ಕೆಳಗಿನ ವಾಟರ್ ಪಾರ್ಕ್ ಬಂತು. ಈಗ ಅದು ಜರ್ಮನಿಯ ಅತಿ ದೊಡ್ಡ ಥೀಮ್ ಪಾರ್ಕ್.

ಅಲ್ಲಿ ನನಗೆ ಹಿಡಿಸಿದ್ದು ಬೇರೆಯೇ ಒಂದು ವಿಷಯ. 2018ರ ಮೇ ತಿಂಗಳಲ್ಲಿ ಬೆಂಕಿ ಬಿದ್ದು ಕಡಲ್ಗಳ್ಳರ ಹಳೆಯ ದೋಣಿ ರೈಡ್ ಪೂರ್ತಿ ಸುಟ್ಟುಹೋಯಿತು. ಆ ಜಾಗದಲ್ಲಿ ಏನು ಬೇಕಾದರೂ ಕಟ್ಟಬಹುದಿತ್ತು, ಇನ್ನೊಂದು ಹೋಟೆಲನ್ನೂ. ಅವರು ಅದೇ ಕಥೆಯ ಅದೇ ದೋಣಿ ರೈಡನ್ನು ಹೊಸದಾಗಿ ಕಟ್ಟಿ 2020ರಲ್ಲಿ ತೆರೆದರು. ಅಪ್ಪ ಅಮ್ಮ ಚಿಕ್ಕವರಿದ್ದಾಗ ಕೂತ ದೋಣಿಯಲ್ಲಿ ಮಗುವೂ ಕೂರಬೇಕು ಎಂಬ ಆಸೆಗೂ ವ್ಯಾಪಾರದಲ್ಲಿ ಬೆಲೆ ಇದೆ ಎಂದು ಆ ಮನೆಯವರಿಗೆ ಗೊತ್ತಿತ್ತು. ಇದಕ್ಕೆ ಉಲ್ಟಾ ಬೇಕೆಂದರೆ ಡಿಸ್ನಿಲ್ಯಾಂಡಿನಲ್ಲೇ ಇದೆ. 1967ರಲ್ಲಿ ಶುರುವಾದ ಪೀಪಲ್‌ಮೂವರ್ ಎಂಬ ಪುಟ್ಟ ಗಾಡಿಗಳ ಸಾಲು 1995ರಲ್ಲಿ ನಿಂತಿತು. ಆ ಎತ್ತರದ ಹಳಿ ಆಮೇಲೂ ಜನರ ತಲೆಯ ಮೇಲೆ ಹಾಗೇ ಉಳಿಯಿತು. ಕೀಳಲೂ ದುಡ್ಡು, ಓಡಿಸಲೂ ದುಡ್ಡು.

ನೆದರ್ಲೆಂಡ್ಸಿನ ಎಫ್ಟೆಲಿಂಗ್ ಪಾರ್ಕಿನದು ಇನ್ನೊಂದು ದಾರಿ. 1952ರಲ್ಲಿ ಕಾಡಿನ ಮಧ್ಯೆ ಅಜ್ಜಿಕಥೆಗಳ ಗೊಂಬೆ ಇಟ್ಟು ಶುರು ಮಾಡಿದ್ದು. ಅದರ ಒಡೆತನ ಒಂದು ಪ್ರತಿಷ್ಠಾನದ್ದು. ಅಲ್ಲೂ 1992ರಲ್ಲಿ ಹೋಟೆಲ್ ಬಂತು, 2010ರಿಂದ ವರ್ಷಪೂರ್ತಿ ತೆರೆದಿರುತ್ತದೆ, ರೂಮುಗಳು ಹೆಚ್ಚುತ್ತಲೇ ಇವೆ. ಆದರೆ ಹಳೆಯ ಕಥೆಕಾಡು ಹಾಗೇ ಇದೆ. ಅಲ್ಲಿ ದೊಡ್ಡ ಬಾಯಿ ತೆರೆದುಕೊಂಡು ಕೂತ ಡೊಳ್ಳುಹೊಟ್ಟೆಯ ಗೊಂಬೆಗಳಿವೆ, ಅವು ಕಸದ ಡಬ್ಬಿ. ಕಾಗದ ಇಲ್ಲಿ ಹಾಕಿ ಎಂದು ಕೂಗುತ್ತವೆ, ಕಾಗದ ಹಿಡಿದರೆ ಗಾಳಿಯಲ್ಲಿ ಎಳೆದುಕೊಂಡು ಥ್ಯಾಂಕ್ಸ್ ಹೇಳುತ್ತವೆ. ಮಕ್ಕಳು ನೆಲದ ಮೇಲಿನ ಕಾಗದವನ್ನೂ ಹುಡುಕಿ ತಂದು ಹಾಕುತ್ತಾರೆ. 1950ರ ದಶಕದಿಂದಲೂ ಇದು ನಡೆದಿದೆ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಕೆಳಗೆ ಬಿದ್ದ ಚಿಪ್ಸ್ ಪೊಟ್ಟಣ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಈಗ ಜೋಗಕ್ಕೆ ಬರೋಣ. ಜೋಗ ಪಾರ್ಕ್ ಅಲ್ಲ, 253 ಮೀಟರ್ ಎತ್ತರದಿಂದ ಬೀಳುವ ಹೊಳೆ. ಸರಿ. ಆದರೆ ಒಂದು ವಿಷಯದಲ್ಲಿ ಅದು ಪಾರ್ಕಿನ ಹಾಗೇ ನಡೆಯುತ್ತಿದೆ, ಅದರ ನಲ್ಲಿ ಮೇಲೆ ಇನ್ನೊಬ್ಬರ ಕೈಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ರಾಜ, ರೋರರ್, ರಾಕೆಟ್, ರಾಣಿ ಎಷ್ಟು ತುಂಬಿ ಬೀಳುತ್ತವೆ ಎಂಬುದು ಮಳೆಯ ಮೇಲೆ ಎಷ್ಟೋ ಅಷ್ಟೇ ಗೇಟಿನ ಮೇಲೂ ನಿಂತಿದೆ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಜುಲೈ ಆಗಸ್ಟ್‌ನಲ್ಲಿ ಸಾಗರ, ಶಿವಮೊಗ್ಗದವರು ಬೆಳಗ್ಗೆ ಪೇಪರ್ ತೆಗೆದು ಮೊದಲು ನೋಡುವುದು ಡ್ಯಾಮಿನ ಮಟ್ಟ. ತುಂಬುತ್ತಾ ಬಂತು, ಗೇಟು ತೆಗೆಯುತ್ತಾರಂತೆ ಎಂಬ ಸುದ್ದಿ ಬಂದರೆ ಆ ಭಾನುವಾರ ಇಡೀ ಊರೇ ಜೋಗದ ದಾರಿಯಲ್ಲಿರುತ್ತದೆ. ಬೈಕು, ಓಮ್ನಿ, ಕೆಂಪು ಬಸ್ಸು. ಕೊಡೆ ಹಿಡಿದುಕೊಂಡೇ ನೋಡುವುದು, ಮಂಜು ಸರಿಯಲಿ ಅಂತ ಕಾಯುವುದು, ಉಪ್ಪುಖಾರ ಹಚ್ಚಿದ ಅನಾನಸು, ಸುಟ್ಟ ಜೋಳ, ಮನೆಯಿಂದ ತಂದ ಚಿತ್ರಾನ್ನ, ಕತ್ತಲಾಗುವ ಮೊದಲು ವಾಪಸ್. ಜೋಗದ ಖಾಯಂ ಗಿರಾಕಿ ಅಂದರೆ ಇವರೇ. ತಲೆಗೆ ಖರ್ಚು ಬಹಳ ಕಡಿಮೆ, ಆದರೆ ಪ್ರತಿ ಮಳೆಗಾಲಕ್ಕೂ ಬರುತ್ತಾರೆ.

ಜೋಗವನ್ನು ಹೊಸದಾಗಿ ಕಟ್ಟುವ ಸರ್ಕಾರದ ಯೋಜನೆಯಲ್ಲಿ ದೊಡ್ಡ ಪ್ರವೇಶದ್ವಾರ, ನೋಡುವ ಕಟ್ಟೆಗಳು, ಪಾರ್ಕಿಂಗ್ ಜೊತೆಗೆ ಹೋಟೆಲ್ ಮತ್ತು ರೋಪ್‌ವೇ ಸೇರಿವೆ. 2025ರ ಆರಂಭದಲ್ಲಿ ದ್ವಾರದ ಕೆಲಸಕ್ಕೆಂದು ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಿದ್ದರು. 2023ರಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂತು, ತಾಳಗುಪ್ಪಕ್ಕೆ ರೈಲಿದೆ, ಈಗ ಸೇತುವೆಯೂ ಇದೆ. ಮೇಲಿನ ಪಾರ್ಕುಗಳ ಕಥೆಯಲ್ಲಿ ಬಂದ ಎಲ್ಲ ಸಾಮಾನೂ ಒಂದೊಂದಾಗಿ ಇಲ್ಲಿ ಜೋಡಣೆ ಆಗುತ್ತಿದೆ. ನಾನು ಹೋಟೆಲ್ ಬೇಡ ಎನ್ನುವವರ ಪೈಕಿ ಅಲ್ಲ. ಶೌಚಾಲಯ ಹುಡುಕಿಕೊಂಡು ಓಡಾಡಿದ ಹೆಣ್ಣುಮಕ್ಕಳನ್ನು ಕೇಳಿದರೆ ಹಳೆಯ ಜೋಗವೇ ಚಂದ ಎಂದು ಯಾರೂ ಹೇಳಲಿಕ್ಕಿಲ್ಲ. ಉಳಿಯಲು ಜಾಗ ಬೇಕು, ಊರಿನ ಹುಡುಗರಿಗೆ ಕೆಲಸ ಬೇಕು.

ಕೆಲಸದ ವಿಷಯದಲ್ಲಿ ಸ್ವಲ್ಪ ನಿಧಾನಿಸೋಣ. ರೆಸಾರ್ಟ್ ಕೊಡುವ ಕೆಲಸ ಬಹುಪಾಲು ರೂಮು ಗುಡಿಸುವುದು, ಬಡಿಸುವುದು, ಗೇಟು ಕಾಯುವುದು. ತಿಂಗಳ ಸಂಬಳ, ನೆರಳಲ್ಲಿ ಕೆಲಸ, ಅಡಿಕೆ ಕೊನೆ ತೆಗೆಯಲು ಮರ ಹತ್ತುವುದಕ್ಕಿಂತ ಹಾಯಾದದ್ದೇ. ತೋಟದವರು ಈಗಾಗಲೇ ಕೊನೆಗಾರರು ಸಿಗುವುದಿಲ್ಲ ಎಂದು ಒದ್ದಾಡುತ್ತಿದ್ದಾರೆ, ಕೊಯ್ಲಿನ ಕಾಲ ಮತ್ತು ಪ್ರವಾಸಿಗರ ಕಾಲ ಎರಡೂ ಒಟ್ಟಿಗೆ ಬರುತ್ತವೆ, ಡಿಸೆಂಬರ್ ಜನವರಿ. ಇನ್ನೊಂದು ಕಡೆ ಅನಾನಸು ಮಾರುವವಳು, ಜೋಳ ಸುಡುವವನು ತಮ್ಮ ಅಂಗಡಿಗೆ ತಾವೇ ಮಾಲೀಕರು. ಡಿಸ್ನಿಯ ಹಳೆಯ ಸಂಕಟ ನೆನಪಿಸಿಕೊಳ್ಳಿ, ಹೊರಗಿನ ಮೋಟೆಲಿಗೆ ಹೋಗುವ ದುಡ್ಡನ್ನು ಒಳಗೆ ಎಳೆದುಕೊಳ್ಳಲೆಂದೇ ಫ್ಲೋರಿಡಾದಲ್ಲಿ ಆ ಪಾಟಿ ಜಮೀನು ಕೊಂಡದ್ದು. ಇಲ್ಲಿ ಹೊರಗಿನವರು ಅಂದರೆ ಕಾರ್ಗಲ್, ತಾಳಗುಪ್ಪ ಕಡೆಯ ಸಣ್ಣ ಹೋಟೆಲು, ಮನೆಯಲ್ಲೇ ಎರಡು ಕೋಣೆ ಬಿಟ್ಟುಕೊಟ್ಟ ಹೋಮ್‌ಸ್ಟೇ. ಗೇಟಿನ ಒಳಗಿನ ದೊಡ್ಡ ಹೋಟೆಲಿಗೆ ಎಷ್ಟು ಅನುಕೂಲ ಮಾಡಿಕೊಟ್ಟರೆ ಹೊರಗಿನ ಇವರಿಗೆ ಅಷ್ಟು ಕತ್ತರಿ.

ಕಾಲದ ಸಮಸ್ಯೆ ಜೋಗದಲ್ಲಿ ಎಲ್ಲಕ್ಕಿಂತ ಕಠಿಣ. ಹೋಟೆಲಿಗೆ ಫೆಬ್ರವರಿ ಮಾರ್ಚಿನಲ್ಲೂ ಜನ ಬೇಕು. ಆಗ ಜೋಗದಲ್ಲಿ ಕಾಣುವುದು ಬಂಡೆ, ಅದರ ಮೇಲೆ ಬಿಳಿ ದಾರದಂಥ ನೀರು. ವರ್ಷವಿಡೀ ಜೋಗ ಬೀಳಬೇಕು, ನೀರನ್ನು ಮೇಲೆತ್ತಿ ಬಿಡೋಣ ಎಂಬ ಯೋಚನೆ ಹಿಂದೆಯೂ ಬಂದು ಹೋಗಿದೆ. ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟು ಕಿಟಕಿ ತೆರೆದವರು ಒಣ ಬಂಡೆ ನೋಡಿ ಸುಮ್ಮನಿರುತ್ತಾರಾ? ಆಗ ಆ ಯೋಚನೆ ಮತ್ತೆ ಎದ್ದು ಬರುತ್ತದೆ. ಅದೇ ನೀರು ಪೈಪಿನಲ್ಲಿ ಇಳಿದರೆ ಕರೆಂಟು, ಬಂಡೆಯ ಮೇಲೆ ಇಳಿದರೆ ಫೋಟೋ. 1948ರಿಂದ ಜೋಗದಲ್ಲಿ ಮಹಾತ್ಮ ಗಾಂಧಿ ವಿದ್ಯುದಾಗಾರ ನಡೆಯುತ್ತಿದೆ, ಬೇಸಿಗೆಯಲ್ಲಿ ರಾಜ್ಯಕ್ಕೆ ಶರಾವತಿಯ ಕರೆಂಟು ಎಷ್ಟು ಮುಖ್ಯ ಎಂದು ಹೊಸದಾಗಿ ಹೇಳಬೇಕಿಲ್ಲ. ಸುತ್ತ ಸಿಂಗಳೀಕದ ಅಭಯಾರಣ್ಯ. ಏಪ್ರಿಲ್‌ನಲ್ಲಿ ಮಲೆನಾಡಿನ ಎಷ್ಟೋ ಮನೆಗಳ ಬಾವಿಯಲ್ಲಿ ತಳ ಕಾಣುತ್ತದೆ, ಅದೇ ಹೊತ್ತಿಗೆ ಈಜುಕೊಳ ತುಂಬಬೇಕು, ದಿನಾ ಹಾಸಿಗೆ ವಸ್ತ್ರ ಒಗೆಯಬೇಕು.

ಸಕ್ರೆಬೈಲಿನ ಆನೆ ಬಿಡಾರ ಇದಕ್ಕೆ ಹೋಲಿಸಿ ನೋಡುವಂಥದ್ದು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್. ಬೆಳಗ್ಗೆ ಹೋದರೆ ತುಂಗೆಯ ಹಿನ್ನೀರಿನಲ್ಲಿ ಆನೆ ಮೈ ತೊಳೆಸಿಕೊಳ್ಳುವುದು ನೋಡಬಹುದು, ಮಧ್ಯಾಹ್ನದ ಹೊತ್ತಿಗೆ ಅವು ಕಾಡಿಗೆ. ತಡವಾಗಿ ಎದ್ದವರಿಗೆ ಆನೆ ಇಲ್ಲ, ಅವರು ಮಂತ್ರಿಯ ನೆಂಟರಾದರೂ ಇಲ್ಲ ಎಂದುಕೊಂಡಿದ್ದೇನೆ. ಅಲ್ಲಿ ಗಡಿಯಾರ ಆನೆಯದು. ಪಕ್ಕದಲ್ಲೇ ನೂರು ರೂಮಿನ ಹೋಟೆಲ್ ಬಂದರೆ, ಸಂಜೆ ಚಹಾದ ಹೊತ್ತಿಗೆ ಇನ್ನೊಂದು ಶೋ ಇರಲಿ ಎಂದು ಕೇಳಲು ಎಷ್ಟು ದಿನ ಬೇಕು?

ಜೋಗದ ಹೋಟೆಲನ್ನು ಖಾಸಗಿಯವರಿಗೆ ಕೊಟ್ಟರೆ ಅದಕ್ಕೊಂದು ಕರಾರು ಇರುತ್ತದೆ. ಅದರಲ್ಲಿ ರಾಜ ರಾಣಿ ಎದುರಿನ ಒಳ್ಳೆಯ ಕಟ್ಟೆ ಎಲ್ಲರಿಗೂ ತೆರೆದಿರಬೇಕು, ಹೋಟೆಲಿನ ಹುಲ್ಲುಹಾಸಿಗೆ ಸೇರಬಾರದು ಎಂದು ಬರೆದಿದೆಯೇ? ಬಸ್ಸು ದ್ವಾರದವರೆಗೆ ಬರುತ್ತದೆಯೇ, ಇಲ್ಲ ಮಳೆಯಲ್ಲಿ ವಯಸ್ಸಾದವರು ಪಾರ್ಕಿಂಗಿನಿಂದ ನಡೆಯಬೇಕೇ? ಜಿಲ್ಲೆಯ ಶಾಲೆಗಳಿಗೆ ದರ ಎಷ್ಟು, ಮನೆಯಿಂದ ತಂದ ಬುತ್ತಿ ಬಿಚ್ಚಲು ಸೂರು ಇದೆಯೇ, ಡ್ಯಾಮಿನ ಗೇಟು ತೆಗೆದ ಭಾನುವಾರ ಯಾರನ್ನು ಮೊದಲು ಬಿಡುತ್ತಾರೆ, ಬೇಸಿಗೆಯಲ್ಲಿ ಹೋಟೆಲಿನ ನೀರು ಎಲ್ಲಿಂದ? ಇವನ್ನು ಕೇಳಬೇಕಾದದ್ದು ಸಹಿ ಬೀಳುವ ಮೊದಲು, ಗ್ರಾಮ ಪಂಚಾಯಿತಿಯಿಂದ ಹಿಡಿದು ಶಾಸಕರವರೆಗೆ ಎಲ್ಲರನ್ನೂ. ರೂಮು ತುಂಬಲು ಶುರುವಾದ ಮೇಲೆ ಕೇಳಿದರೆ, ಅದು ಕರಾರಿನಲ್ಲಿ ಇಲ್ಲ ಸ್ವಾಮಿ ಎಂದು ಕೌಂಟರಿನ ಹುಡುಗ ಹೇಳುತ್ತಾನೆ, ಪಾಪ ಅವನೂ ನಮ್ಮ ಕಡೆಯವನೇ ಇರುತ್ತಾನೆ.